ರೆಕಾರ್ಡ್ ಬರೆಯುವ ಹುಡುಗಿಯರಿಗೆ

ಸಿಇಟಿ ಕೌನ್ಸೆಲಿಂಗ್ ನಡೆಯುವ ದಿನಗಳಲ್ಲಿ, ಮಗಳನ್ನು ಎಂಜಿನಿಯರಿಂಗ್‌ಗೆ ಸೇರಿಸಲು ಹೊರಟ ಪರಿಚಯದವರು ಫೋನ್ ಮಾಡಿ ಯಾವ ಬ್ರಾಂಚ್ ಒಳ್ಳೆಯದು, ಹಾಸ್ಟೆಲ್ ಹೇಗಿದೆ, ಪ್ಲೇಸ್‌ಮೆಂಟ್ ಎಷ್ಟಾಗುತ್ತದೆ ಎಂದು ಕೇಳುತ್ತಾರೆ. ತಿಳಿದಷ್ಟು ಹೇಳುತ್ತೇನೆ. ಆದರೆ ನನಗೆ ಮಾತಾಡಬೇಕೆನಿಸುವುದು ಆ ಮಗಳ ಜೊತೆ, ಅದೂ ಒಂದೇ ವಿಷಯ: ನಾಲ್ಕು ವರ್ಷ ಲ್ಯಾಬಿನಲ್ಲಿ ಅವಳ ಕೈ ಏನು ಮಾಡುತ್ತಿರುತ್ತದೆ ಎಂಬುದು.

ನಾನು ಎಲೆಕ್ಟ್ರಾನಿಕ್ಸ್ ಓದಿದ್ದು ಜಿಲ್ಲಾ ಕೇಂದ್ರವೊಂದರ ವಿಟಿಯು ಕಾಲೇಜಿನಲ್ಲಿ. ಲ್ಯಾಬಿನ ನಮ್ಮ ಟೇಬಲ್ಲಿಗೆ ಇಬ್ಬರು ಹುಡುಗರು, ಇಬ್ಬರು ಹುಡುಗಿಯರು. ಯಾರೂ ಕೂತು ತೀರ್ಮಾನಿಸಲಿಲ್ಲ, ಆದರೂ ಮೊದಲ ವಾರದಲ್ಲೇ ಒಂದು ಏರ್ಪಾಡು ತಾನಾಗಿ ಆಗಿಹೋಯಿತು. ಹುಡುಗರು ಬ್ರೆಡ್‌ಬೋರ್ಡಿನ (ವೈರು ಚುಚ್ಚಿ ಸರ್ಕ್ಯೂಟ್ ಜೋಡಿಸುವ, ತೂತುಗಳ ಹಲಗೆ) ಮೇಲೆ ಸರ್ಕ್ಯೂಟ್ ಕಟ್ಟುತ್ತಿದ್ದರು, ಸಿಗ್ನಲ್ಲಿನ ಅಲೆಯನ್ನು ಪರದೆಯ ಮೇಲೆ ತೋರಿಸುವ ಸಿಆರ್‌ಒ ನಾಬ್ ತಿರುಗಿಸುತ್ತಿದ್ದರು. ನಾವು ಪಕ್ಕದಲ್ಲಿ ನಿಂತು ರೀಡಿಂಗ್ ಬರೆದುಕೊಂಡು, ಲೆಕ್ಕ ಮಾಡಿ, ಗ್ರಾಫ್ ಹಾಕಿ, ರೆಕಾರ್ಡ್ ಎಂಬ ಲ್ಯಾಬ್ ಪುಸ್ತಕ ತುಂಬುತ್ತಿದ್ದೆವು. "ನಿಮ್ಮ ಅಕ್ಷರ ಮುತ್ತಿನಂತಿದೆ" ಎಂದು ಅವರು ಹೇಳಿದಾಗ ಹಿಗ್ಗಿದ್ದೆ. ಆ ಹುಡುಗರು ಕೆಟ್ಟವರಲ್ಲ, ಇವತ್ತಿಗೂ ಸ್ನೇಹಿತರು. ಕೆಲಸ ಬೇಗ ಮುಗಿಯಲಿ ಎಂಬುದಷ್ಟೇ ಎಲ್ಲರ ಉದ್ದೇಶವಾಗಿತ್ತು, ನನ್ನದೂ ಅದೇ.

ಸೆಮಿಸ್ಟರ್ ಕೊನೆಯ ಲ್ಯಾಬ್ ಪರೀಕ್ಷೆಯಲ್ಲಿ ಪ್ರತಿಯೊಬ್ಬರೂ ಒಂಟಿಯಾಗಿ ನಿಲ್ಲಬೇಕು. ಚೀಟಿ ಎತ್ತಿದಾಗ ನನಗೆ ಬಂದದ್ದು ಆರ್‌ಸಿ ಕಪಲ್ಡ್ ಆಂಪ್ಲಿಫೈಯರ್, ಸಣ್ಣ ಸಿಗ್ನಲನ್ನು ದೊಡ್ಡದು ಮಾಡುವ ಸರ್ಕ್ಯೂಟ್. ಅದರ ಗ್ರಾಫನ್ನು ಸೆಮಿಲಾಗ್ ಹಾಳೆಯ ಮೇಲೆ ನನಗೂ ಮಿಕ್ಕವರಿಗೂ ಎಷ್ಟು ಸಲ ಹಾಕಿದ್ದೆನೋ ಲೆಕ್ಕವಿಲ್ಲ. ಗೇನ್ (ಸಿಗ್ನಲ್ ಎಷ್ಟು ಪಟ್ಟು ದೊಡ್ಡದಾಗುತ್ತದೆ ಎಂಬುದು) ತನ್ನ ಗರಿಷ್ಠ ಮಟ್ಟದಿಂದ 3 ಡೆಸಿಬೆಲ್ ಇಳಿಯುವ ಎರಡು ಬಿಂದುಗಳ ನಡುವಿನ ಅಂತರವೇ ಬ್ಯಾಂಡ್‌ವಿಡ್ತ್ ಎಂದು ನಿದ್ದೆಗಣ್ಣಲ್ಲೂ ಹೇಳಬಲ್ಲವಳಾಗಿದ್ದೆ. ಸರ್ಕ್ಯೂಟ್ ಕಟ್ಟಿ ಸಪ್ಲೈ ಕೊಟ್ಟರೆ, ಸೈನ್ ವೇವ್ ಬರಬೇಕಾದ ಕಡೆ ದಪ್ಪನೆಯ ಹಸಿರು ಗೆರೆಯೊಂದು ನಡುಗುತ್ತಾ ನಿಂತಿತ್ತು. ಟ್ರಾನ್ಸಿಸ್ಟರ್ ಬದಲಿಸಿದೆ, ಕೆಪಾಸಿಟರ್ ಕಿತ್ತು ಮತ್ತೆ ಚುಚ್ಚಿದೆ, ಮುಕ್ಕಾಲು ಗಂಟೆ ಕಳೆಯಿತು. ಕೊನೆಗೆ ಪರೀಕ್ಷಕರೇ ಬಂದು, ಒಂದು ತುಂಡು ವೈರನ್ನು ಬೋರ್ಡಿನ ಅಂಚಿನ ಉದ್ದ ಸಾಲಿನ ನಡುವೆ ಸೇತುವೆಯಂತೆ ಚುಚ್ಚಿದರು. ಪರದೆಯ ಮೇಲೆ ಅಲೆ ಎದ್ದಿತು. ಎಷ್ಟೋ ಬ್ರೆಡ್‌ಬೋರ್ಡುಗಳಲ್ಲಿ ಆ ಉದ್ದ ಸಾಲು ನಡುವೆ ತುಂಡಾಗಿರುತ್ತದೆ. ನನ್ನ ಅರ್ಧ ಸರ್ಕ್ಯೂಟಿಗೆ ಗ್ರೌಂಡೇ, ಅಂದರೆ ಕರೆಂಟ್ ಮರಳುವ ದಾರಿಯೇ, ಇರಲಿಲ್ಲ. ಇದು ಯಾವ ರೆಕಾರ್ಡಿನಲ್ಲೂ ಬರೆದಿರುವುದಿಲ್ಲ. ನಾಲ್ಕು ಸಲ ಎಡವಿದ ಕೈಗೆ ಮಾತ್ರ ಗೊತ್ತಿರುತ್ತದೆ, ಮತ್ತು ಆ ಸೆಮಿಸ್ಟರಿನಲ್ಲಿ ಎಡವುವ ಅವಕಾಶವನ್ನೆಲ್ಲ ನಾನು ಬೇರೆಯವರಿಗೆ ಬಿಟ್ಟುಕೊಟ್ಟಿದ್ದೆ.

ಆ ರಜೆಯಲ್ಲಿ ಅಪ್ಪನನ್ನು ಕರೆದುಕೊಂಡು ಎಲೆಕ್ಟ್ರಾನಿಕ್ಸ್ ಬಿಡಿಭಾಗ ಸಿಗುವ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ ಒಂದು ಮಲ್ಟಿಮೀಟರ್, ಒಂದು ಬ್ರೆಡ್‌ಬೋರ್ಡ್, ಕೈತುಂಬ ರೆಸಿಸ್ಟರ್, ನಾಲ್ಕು 555 ಟೈಮರ್ ಐಸಿ (ಸರ್ಕ್ಯೂಟಿಗೆ ತಾಳ ಕೊಡುವ ಚಿಪ್) ತಂದೆ. ಹಾಸ್ಟೆಲ್ ಮಂಚದ ಮೇಲೆ ಕೂತು 9 ವೋಲ್ಟ್ ಬ್ಯಾಟರಿಯಿಂದ ಒಂದು ಎಲ್‌ಇಡಿಯನ್ನು ಮಿಣುಕಿಸಲು ನನಗೆ ಎರಡು ಸಂಜೆ ಹಿಡಿಯಿತು. ಅದು ಮಿಣುಕಿದಾಗ ಪಕ್ಕದ ರೂಮಿನವರು ಬಂದು ನೋಡಿದರು, ರೆಸಿಸ್ಟರ್ ಬದಲಿಸಿದರೆ ವೇಗ ಬದಲಾಗುವುದನ್ನು ತಾವೇ ಮಾಡಿ ನೋಡಿದರು. ನನ್ನ ಎಂಜಿನಿಯರಿಂಗ್ ಶುರುವಾದದ್ದು ಅಂದಿನಿಂದ ಎಂದೇ ನಾನು ಲೆಕ್ಕ ಹಿಡಿಯುತ್ತೇನೆ.

ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್ ಎನ್ನಿಸಿಕೊಂಡ ರಾಜೇಶ್ವರಿ ಚಟರ್ಜಿಯವರ ಬದುಕಿನಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದೂ ಈ ಸಂಗತಿಯೇ. 1922ರಲ್ಲಿ ಹುಟ್ಟಿದ ಅವರು ಸೆಂಟ್ರಲ್ ಕಾಲೇಜಿನಲ್ಲಿ ಓದಿದ್ದು ಗಣಿತ. ಹಾಳೆ ಮತ್ತು ಪೆನ್ನಿನಲ್ಲೇ ಹೆಸರು ಮಾಡಬಹುದಾಗಿದ್ದ ವಿಷಯ. 1943ರಲ್ಲಿ ಟಾಟಾ ಇನ್‌ಸ್ಟಿಟ್ಯೂಟಿಗೆ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಎಲೆಕ್ಟ್ರಿಕಲ್ ಟೆಕ್ನಾಲಜಿ ವಿಭಾಗ ಸೇರಿದರು, 1947ರಲ್ಲಿ ಅಮೆರಿಕದ ಮಿಷಿಗನ್‌ಗೆ ಹೋದರು. ಅಲ್ಲಿ ಸ್ನಾತಕೋತ್ತರ ಪದವಿ ಮುಗಿಸಿದವರು ವಾಷಿಂಗ್ಟನ್ನಿನ ನ್ಯಾಷನಲ್ ಬ್ಯೂರೊ ಆಫ್ ಸ್ಟ್ಯಾಂಡರ್ಡ್ಸ್‌ನಲ್ಲಿ ಎಂಟು ತಿಂಗಳು ರೇಡಿಯೊ ತರಂಗಗಳನ್ನು ಅಳೆಯುವ ವಿಭಾಗದಲ್ಲಿ ತರಬೇತಿ ಪಡೆದರು. ಪಿಎಚ್‌ಡಿ ಮುಗಿಸಿ 1953ರಲ್ಲಿ ಮರಳಿ ಬಂದು, ಬೆಂಗಳೂರಿನ ಅದೇ ಸಂಸ್ಥೆಯಲ್ಲಿ ಮೈಕ್ರೋವೇವ್ ಮತ್ತು ಆಂಟೆನಾ ಸಂಶೋಧನೆಯಲ್ಲಿ ದಶಕಗಳ ಕಾಲ ದುಡಿದರು. ಅವರ ಬಗ್ಗೆ ಓದುವಾಗಲೆಲ್ಲ ಪದವಿಗಳಿಗಿಂತ ಆ ಎಂಟು ತಿಂಗಳೇ ನನಗೆ ದೊಡ್ಡದಾಗಿ ಕಾಣುತ್ತವೆ.

ಇನ್ನೊಂದು ತೊಡಕು ಹಾಸ್ಟೆಲ್ ಗೇಟಿನದು, ಇದರ ಬಗ್ಗೆ ನನಗೆ ಇಂದಿಗೂ ಸಿಟ್ಟಿದೆ. ನಮ್ಮ ಕಾಲೇಜಿನಲ್ಲಿ ಹುಡುಗಿಯರ ಹಾಸ್ಟೆಲ್ ಗೇಟು ಸಂಜೆ ಆರೂವರೆಗೆ ಮುಚ್ಚುತ್ತಿತ್ತು. ಹುಡುಗರಿಗೆ ಅಂಥ ಕಟ್ಟು ಇರಲಿಲ್ಲ. ತರಗತಿ ಮುಗಿಯುವುದೇ ನಾಲ್ಕೂವರೆಗೆ. ಹೀಗಾಗಿ ಕೊನೆಯ ವರ್ಷದ ಪ್ರಾಜೆಕ್ಟಿನ ನಿಜವಾದ ಕೆಲಸವೆಲ್ಲ ರಾತ್ರಿ ಹುಡುಗರ ರೂಮಿನಲ್ಲಿ ನಡೆದು, ಹುಡುಗಿಯರ ಪಾಲಿಗೆ ರಿಪೋರ್ಟ್ ಮತ್ತು ಪಿಪಿಟಿ ಉಳಿಯುತ್ತಿತ್ತು. ಅದೇ ಹುಡುಗಿ ಇಂಟರ್‌ವ್ಯೂನಲ್ಲಿ "ಈ ಪ್ರಾಜೆಕ್ಟಿನಲ್ಲಿ ನೀನು ಮಾಡಿದ್ದೇನು?" ಎಂಬ ಪ್ರಶ್ನೆಗೆ ತಡವರಿಸಿದರೆ ಅದನ್ನು ಅವಳ ಅಂಜುಬುರುಕತನ ಎನ್ನುವವರಿದ್ದಾರೆ. ನಾವು ಹನ್ನೊಂದು ಜನ ಸಹಿ ಮಾಡಿ, ಶನಿವಾರ ಮಧ್ಯಾಹ್ನ ಲ್ಯಾಬ್ ತೆರೆದಿಡಬೇಕೆಂದು ಪ್ರಿನ್ಸಿಪಾಲರಿಗೆ ಅರ್ಜಿ ಕೊಟ್ಟೆವು. ಎರಡು ಸಲ ತಿರಸ್ಕರಿಸಿ ಮೂರನೇ ಸಲ ಒಪ್ಪಿದರು. ಗೇಟಿನ ಸಮಯ ಬದಲಾಗಲಿಲ್ಲ, ಆದರೆ ವಾರಕ್ಕೆ ನಾಲ್ಕು ಗಂಟೆ ನಮ್ಮದಾಯಿತು. ಅರ್ಜಿ ಬರೆಯುವುದಕ್ಕೆ ಹಿಂಜರಿಯಬೇಡಿ. ಒಬ್ಬಳೇ ಹೋಗಿ ಕೇಳಬೇಡಿ, ಗುಂಪಾಗಿ ಹೋಗಿ.

ದುಡ್ಡಿನ ವಿಚಾರದಲ್ಲಿ ಒಂದು ಮಾತು: ತಾಂತ್ರಿಕ ಶಿಕ್ಷಣವನ್ನು ನೋಡಿಕೊಳ್ಳುವ ಕೇಂದ್ರ ಸಂಸ್ಥೆಯಾದ ಎಐಸಿಟಿಇಯ ಪ್ರಗತಿ ವಿದ್ಯಾರ್ಥಿವೇತನ ಹೆಣ್ಣುಮಕ್ಕಳಿಗೆಂದೇ ಇದೆ, ವರ್ಷಕ್ಕೆ 50,000 ರೂಪಾಯಿ, ಮನೆಯ ವಾರ್ಷಿಕ ವರಮಾನ 8 ಲಕ್ಷ ಮೀರಿರಬಾರದು, ಒಂದು ಮನೆಯ ಇಬ್ಬರು ಮಕ್ಕಳವರೆಗೆ ಸಿಗುತ್ತದೆ. ಸೇರಿದ ವರ್ಷವೇ ಅರ್ಜಿ ಹಾಕಬೇಕಾದ್ದರಿಂದ, ಗೊತ್ತಿಲ್ಲದೆ ಕಳೆದುಕೊಂಡವರನ್ನು ನಾನೇ ನೋಡಿದ್ದೇನೆ.

ಲ್ಯಾಬ್ ನಡೆಸುವ ಮೇಷ್ಟ್ರುಗಳೂ ಮೇಡಮ್‌ಗಳೂ ಇದನ್ನು ಓದುತ್ತಿದ್ದರೆ ನನ್ನದೊಂದು ಕೋರಿಕೆ. ಪ್ರತಿ ವಾರ ಸರ್ಕ್ಯೂಟ್ ಕಟ್ಟುವವರು ಯಾರು, ರೀಡಿಂಗ್ ಬರೆಯುವವರು ಯಾರು ಎಂಬುದನ್ನು ನೀವೇ ಹೆಸರು ಹಿಡಿದು ಹೇಳಿ, ಮುಂದಿನ ವಾರ ಅದಲು ಬದಲು ಮಾಡಿ. ಕಟ್ಟುವ ಸರದಿ ಬಂದವಳು ಹತ್ತು ನಿಮಿಷ ತಡಕಾಡುವಾಗ, ಪಕ್ಕದವನು "ಕೊಡು, ನಾನು ಮಾಡ್ತೀನಿ" ಎಂದು ಕೈ ಚಾಚಿದರೆ ಅವನನ್ನು ತಡೆಯಿರಿ.