1971ರ ಯುದ್ಧ ಕಾನೂನಿನ ಪ್ರಕಾರ ಸರಿ ಇತ್ತೇ?

ಚಿಕ್ಕಮಗಳೂರಿನ ದೊಡ್ಡ ರಸ್ತೆಗೆ ಐ.ಜಿ. ರಸ್ತೆ ಅಂತಲೇ ಹೆಸರು. 1978ರ ಉಪಚುನಾವಣೆಯಲ್ಲಿ ಇಂದಿರಾ ಗಾಂಧಿಯವರನ್ನು ಗೆಲ್ಲಿಸಿ ಕಳಿಸಿದ ಊರು ಇದು. ಇಲ್ಲಿಯ ಹೋಟೆಲಲ್ಲಿ ಕಾಫಿ ಕುಡೀತಾ ಪೂರ್ವ ಪಾಕಿಸ್ತಾನದ (ಈಗಿನ ಬಾಂಗ್ಲಾದೇಶ) ವಿಚಾರದಲ್ಲಿ ಪಾಕಿಸ್ತಾನದ ಜೊತೆ ಯುದ್ಧಕ್ಕಿಳಿದ ಅವರ 1971ರ ತೀರ್ಮಾನದ ಬಗ್ಗೆ ತಕರಾರು ತೆಗೆದರೆ ಪಕ್ಕದ ಟೇಬಲ್ಲಿನವರೂ ಕುರ್ಚಿ ಎಳೆದುಕೊಂಡು ಬರುತ್ತಾರೆ. ನಮ್ಮ ಸಂವಿಧಾನದಲ್ಲಿ ಯುದ್ಧಕ್ಕೆ ಮೊದಲು ಸಂಸತ್ತಿನ ಮತ ಬೇಕೆಂಬ ನಿಯಮ ಇಲ್ಲ. ಹಾಗಾಗಿ ಜಗಳ ಇರುವುದು ಅಂತರರಾಷ್ಟ್ರೀಯ ಕಾನೂನಿನದ್ದು.

ಪರ

ಮೊದಲು ಬಾಂಬ್ ಹಾಕಿದವರು ಯಾರು? ಡಿಸೆಂಬರ್ 3ರ ಸಂಜೆ ಪಾಕಿಸ್ತಾನದ ವಿಮಾನಗಳು ಅಮೃತಸರ, ಪಠಾಣ್‌ಕೋಟ್ ಕಡೆಯ ನಮ್ಮ ವಾಯುನೆಲೆಗಳಿಗೆ ನುಗ್ಗಿದವು. ದಾಳಿಯಾದರೆ ತಿರುಗಿ ಹೊಡೆಯುವ ಹಕ್ಕು ವಿಶ್ವಸಂಸ್ಥೆಯ ಸನ್ನದಿನ 51ನೇ ವಿಧಿಯಲ್ಲೇ ಇದೆ. ಮಾರ್ಚ್ 25ರ ರಾತ್ರಿ ಪೂರ್ವ ಪಾಕಿಸ್ತಾನದ ಢಾಕಾದಲ್ಲಿ ಪಾಕ್ ಸೇನೆ ತನ್ನದೇ ಜನರ ಮೇಲೆ ಮುಗಿಬಿದ್ದ ಮೇಲೆ, ಸುಮಾರು 1 ಕೋಟಿ ಜನ ಗಡಿ ದಾಟಿ ನಮ್ಮಲ್ಲಿಗೆ ಬಂದರು. ಇಷ್ಟು ಜನರನ್ನು ಪಕ್ಕದ ದೇಶಕ್ಕೆ ದಬ್ಬುವುದೂ ಒಂದು ಬಗೆಯ ಆಕ್ರಮಣ ಅಂತ ನಮ್ಮ ಪ್ರತಿನಿಧಿ ಸಮರ್ ಸೇನ್ ಭದ್ರತಾ ಮಂಡಳಿಯಲ್ಲಿ ವಾದಿಸಿದರು. ಆ ಮಂಡಳಿ ಈ ಬಗ್ಗೆ ಸಭೆ ಸೇರಿದ್ದೇ ಡಿಸೆಂಬರ್ 4ಕ್ಕೆ. ಅಲ್ಲಿಯವರೆಗೆ ನಾವು ಸುಮ್ನೆ ಕೂರಬೇಕಿತ್ತಾ?

ವಿರೋಧ

ಡಿಸೆಂಬರ್ 3ರಿಂದ ಎಣಿಸುವುದು ನಮಗೆ ಅನುಕೂಲದ ಲೆಕ್ಕ. ನವೆಂಬರ್ 21ಕ್ಕೇ ನಮ್ಮ ಟ್ಯಾಂಕುಗಳು ಬೊಯ್ರಾ ಹತ್ತಿರ ಪೂರ್ವ ಪಾಕಿಸ್ತಾನದ ಗಡಿ ದಾಟಿ, ಬಂಗಾಳಿ ಹೋರಾಟಗಾರರ ಪಡೆಯಾದ ಮುಕ್ತಿ ಬಾಹಿನಿಯವರ ಜೊತೆ ಸೇರಿ ಗರೀಬ್‌ಪುರದಲ್ಲಿ ಪಾಕ್ ಸೇನೆಯ ವಿರುದ್ಧ ಕಾದಾಡಿದ್ದವು. ಅಂದರೆ ಅಮೃತಸರಕ್ಕೆ ಬಾಂಬ್ ಬೀಳುವ ಹನ್ನೆರಡು ದಿನ ಮೊದಲು. ಆಚೆಯಿಂದ ಶೆಲ್ ಬೀಳುತ್ತಿತ್ತು ಅನ್ನುವ ಸಮಜಾಯಿಷಿ ಇದೆ. ಆದರೆ ಮುಕ್ತಿ ಬಾಹಿನಿಗೆ ಆಯುಧ, ತರಬೇತಿ ಕೊಡುತ್ತಾ ಬಂದು ಅಷ್ಟೊತ್ತಿಗೆ ತಿಂಗಳುಗಳೇ ಆಗಿದ್ದವು. ಇನ್ನೊಂದು ದೇಶದ ಒಳಜಗಳಕ್ಕೆ ಶಸ್ತ್ರ ಕೊಡಬಾರದು ಅಂತ 1970ರಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಘೋಷಿಸಿತ್ತು. ಮುಂದೆ 1986ರಲ್ಲಿ, ನಿಕರಾಗುವಾದ ಬಂಡುಕೋರರಿಗೆ ಆಯುಧ, ತರಬೇತಿ ಕೊಟ್ಟು ಅಮೆರಿಕ ಮಾಡಿದ್ದು ಇಂಥದ್ದೇ ತಪ್ಪು ಅಂತ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ ತೀರ್ಪು ಕೊಟ್ಟಿತು. ಅಮೆರಿಕಕ್ಕೆ ಹಿಡಿದ ಅಳತೆಗೋಲು ನಮಗೂ ಹಿಡಿಯಬೇಕಲ್ವಾ?

ಡಿಸೆಂಬರ್ 7ರಂದು ಮಹಾಸಭೆ ಕದನ ನಿಲ್ಲಿಸಿ, ಸೇನೆ ವಾಪಸ್ ಕರೆಸಿ ಅಂದಿತು. ಪರ 104 ಮತ, ವಿರೋಧ 11. ನಾವು ಸ್ನೇಹಿತರು ಅಂದುಕೊಂಡಿದ್ದ ಎಷ್ಟೋ ಹೊಸ ದೇಶಗಳೂ ಆ 104ರಲ್ಲಿ ಇದ್ದವು. ಬಂಗಾಳಿಗಳ ಕಷ್ಟ ಅವರಿಗೆ ಕಾಣಲಿಲ್ಲ ಅಂತಲ್ಲ. ದೊಡ್ಡ ದೇಶವೊಂದು ಕನಿಕರದ ಹೆಸರಲ್ಲಿ ಗಡಿ ದಾಟುವುದಕ್ಕೆ ಹೂಂ ಅಂದರೆ, ಮುಂದಿನ ಸರದಿ ತಮ್ಮದಾಗಬಹುದು ಅನ್ನುವ ಭಯ ಸಣ್ಣ ದೇಶಗಳಿಗೆ ಇದ್ದೇ ಇರುತ್ತದೆ.

ನನ್ನ ಒಲವು ಈ ಕಡೆಗೇ. ಆ ಯುದ್ಧ ಬೇಡವಾಗಿತ್ತು ಅಂತ ಮಾತ್ರ ನಾನು ಹೇಳುವುದಿಲ್ಲ. ಪರವಾದಿಗಳಿಗೆ ಇನ್ನೂ ಗಟ್ಟಿ ಅಂಶ ಒಂದಿದೆ, ಯಾಕೋ ಜಾಸ್ತಿ ಬಳಸುವುದಿಲ್ಲ: 1972ರ ಮಾರ್ಚ್‌ನಲ್ಲಿ ನಮ್ಮ ಸೇನೆ ಬಾಂಗ್ಲಾದೇಶ ಬಿಟ್ಟು ವಾಪಸ್ ಬಂತು. ನೆಲ ಹೊಡೆಯಲು ಹೋದವರು ಹಾಗೆ ಬರುವುದಿಲ್ಲ. ಉದ್ದೇಶದ ಬಗ್ಗೆ ನನಗೆ ತಕರಾರಿಲ್ಲ. ಆದರೆ ನವೆಂಬರ್ 21ಕ್ಕೆ 51ನೇ ವಿಧಿಯಲ್ಲಿ ಜಾಗ ಹುಡುಕಿದರೆ ಸಿಗುವುದಿಲ್ಲ.