ಗಿಟಾರಿಗೆ ನೀರು

ಎಲೆಕ್ಟ್ರಿಕ್ ಗಿಟಾರ್ ತಗೊಂಡ ಮೇಲೆ ಆಂಪ್ಲಿಫೈಯರ್ ಕೂಡ ತಗೋಬೇಕು ಅನ್ನೋದು ನನಗೆ ಗೊತ್ತಿರಲಿಲ್ಲ ಅಂತಲ್ಲ. ಗೊತ್ತಿತ್ತು. ಮನೆಯಲ್ಲಿ ಹೇಳಿರಲಿಲ್ಲ, ಅಷ್ಟೆ.

43ನೇ ವಯಸ್ಸಿನಲ್ಲಿ ಸೆಕೆಂಡ್ ಹ್ಯಾಂಡ್ ಗಿಟಾರ್ ಹೆಗಲಿಗೇರಿಸಿಕೊಂಡು ಮನೆಗೆ ಬಂದವನು ಒಂದೇ ದಿನ ಎರಡು ಖರ್ಚಿನ ಮಾತು ಎತ್ತಬಾರದು. ಸಂಸಾರಸ್ಥರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಈ ಗಿಟಾರಿಗೆ ಹೊಟ್ಟೆಯೇ ಇಲ್ಲ. ಸಾದಾ ಗಿಟಾರಿಗೆ ದೊಡ್ಡ ಹೊಟ್ಟೆ ಇರುತ್ತದೆ, ತಂತಿ ಮೀಟಿದರೆ ಸದ್ದು ಅಲ್ಲಿ ತುಂಬಿಕೊಂಡು ಹೊರಗೆ ಬರುತ್ತದೆ. ಇದು ಬರೀ ಹಲಗೆ. ನುಡಿಸಿದರೆ ಪಕ್ಕದ ರೂಮಿನಲ್ಲಿ ಯಾರೋ ಬಾಚಣಿಗೆಯ ಹಲ್ಲಿನ ಮೇಲೆ ಉಗುರು ಎಳೆಯುತ್ತಿದ್ದಾರೆ ಅನ್ನಿಸುತ್ತದೆ. ಅಮ್ಮ ಎರಡು ದಿನ ಸುಮ್ಮನಿದ್ದು ನೋಡಿದರು. ಮೂರನೇ ದಿನ, "ಪಾಪ, ಅದಕ್ಕೆ ಉಸಿರೇ ಇಲ್ವಲ್ಲೋ" ಅಂದರು.

ಉಸಿರು ಕೊಡೋಣ ಅಂತ ಟಿವಿ ಪಕ್ಕದ ಹೋಮ್ ಥಿಯೇಟರಿಗೆ ಸಿಕ್ಕಿಸಿದೆ. ಗಿಟಾರಿನ ಜೊತೆ ಪುಕ್ಕಟೆ ಬಂದಿದ್ದ, ಸದ್ದನ್ನು ಬೇಕಂತಲೇ ಒರಟು ಮಾಡುವ ಡಿಸ್ಟಾರ್ಷನ್ ಪೆಡಲನ್ನೂ ಒತ್ತಿದೆ. ತಗಡಿನ ಡಬ್ಬದಲ್ಲಿ ಕಣಜದ ಹುಳ ತುಂಬಿ ಕುಲುಕಿದ ಹಾಗಾಯಿತು. ಆಮೇಲೆ ಓದಿ ತಿಳಿದುಕೊಂಡೆ, ಗಿಟಾರ್ ಸ್ಪೀಕರಿನ ಜಾತಿಯೇ ಬೇರೆ. ಸುಮಾರು 5,000 ಹರ್ಟ್ಸ್ ದಾಟಿದ ಚೂಪು ಸದ್ದನ್ನು ಅದು ಹೆಚ್ಚುಕಮ್ಮಿ ನುಂಗಿಬಿಡುತ್ತದೆ. ಹಾಡು ಕೇಳುವ ಸ್ಪೀಕರಿಗೆ ಆ ದೊಡ್ಡ ಮನಸ್ಸಿಲ್ಲ, ಕೊಟ್ಟಿದ್ದನ್ನೆಲ್ಲ ಹಾಗೇ ಕಕ್ಕುತ್ತದೆ. ಧಾರಾವಾಹಿಯ ಹೊತ್ತಿಗೆ ಸರಿಯಾಗಿ ಹೀಗೆ ಕಕ್ಕಿಸಿದ್ದು ನನ್ನ ತಪ್ಪು. "ರೀ" ಅಂದಳು ಹೆಂಡತಿ. ಇಪ್ಪತ್ತು ವರ್ಷದ ಸಂಸಾರದಲ್ಲಿ ಆ ಒಂದಕ್ಷರಕ್ಕೆ ಎಷ್ಟು ಅರ್ಥಗಳಿವೆಯೋ ಅಷ್ಟೂ ಅದರಲ್ಲಿತ್ತು.

ಹಾಗೆ ಆಂಪ್ ಹುಡುಕಾಟ ಅಧಿಕೃತವಾಗಿ ಶುರುವಾಯಿತು. ಬಜೆಟ್ 15,000 ರೂಪಾಯಿ. ಮನೆಯಲ್ಲಿ ಹೇಳಿದ್ದು 10,000.

"ಕಾಂಬೋ ಆಂಪ್ ತಗೋತೀನಿ" ಅಂದೆ. "ಕಾಂಬೋ ಅಂದ್ರೆ ಕಾಫಿನೂ ಕೊಡ್ತಾರಾ?" ಅಂತ ಅಮ್ಮ ಕೇಳಿದರು. ಬಸ್ ಸ್ಟ್ಯಾಂಡ್ ಕಡೆಯ ಹೋಟೆಲಿನಲ್ಲಿ ಇಡ್ಲಿ, ವಡೆ, ಕಾಫಿ ಕಾಂಬೋ ತಿಂದು ಅಭ್ಯಾಸ. ಹೇಳಿಕೊಟ್ಟೆ. ಸದ್ದು ಹೆಚ್ಚಿಸುವ ಯಂತ್ರ, ಅದನ್ನು ಹೊರಗೆ ಬಿಡುವ ಸ್ಪೀಕರ್, ಎರಡೂ ಒಂದೇ ಪೆಟ್ಟಿಗೆಯಲ್ಲಿದ್ದರೆ ಕಾಂಬೋ. ದೊಡ್ಡ ಸ್ಟೇಜಿನವರು ಬೇರೆ ಬೇರೆ ಇಟ್ಟುಕೊಳ್ಳುತ್ತಾರೆ. ಹೆಂಡತಿ ಮಾತ್ರ ಒಂದೇ ಪ್ರಶ್ನೆ ಕೇಳಿದಳು: "ಹೆಡ್‌ಫೋನ್ ಹಾಕೋ ತೂತು ಇದೆಯಾ?" ನಾನು ವಾರಗಟ್ಟಲೆ ಓದಿದ್ದೆಲ್ಲ ಒಂದು ಕಡೆ, ಈ ಪ್ರಶ್ನೆ ಒಂದು ಕಡೆ.

ಬಾಮೈದನಿಗೆ ವಿಷಯ ಹೋಯಿತು. ಅವನದು ಶಾಮಿಯಾನ, ಲೈಟಿಂಗ್, ಸೌಂಡ್ ಸಿಸ್ಟಮ್ ವ್ಯಾಪಾರ. ಗಣೇಶನ ಹಬ್ಬದಲ್ಲಿ ಹಾಸನದ ಅರ್ಧ ಕಿವಿಗಳು ಅವನ ಕೈಯಲ್ಲಿರುತ್ತವೆ.

"ಎಷ್ಟು ವ್ಯಾಟು ಭಾವ?"

"20 ಸಾಕು ಅಂತ ಓದಿದೆ."

"20 ವ್ಯಾಟಾ? ಅದು ನಮ್ಮ ಪೆಂಡಾಲಿನ ಟ್ಯೂಬ್‌ಲೈಟು ಭಾವ! ನಂದು 2,000."

ನಾನು ಬಿಡಲಿಲ್ಲ. ವ್ಯಾಟ್ ಎರಡು ಪಟ್ಟಾದರೆ ಸದ್ದು ಏರುವುದು ಬರೀ 3 ಡೆಸಿಬೆಲ್. ಕಿವಿಗೆ ಎರಡು ಪಟ್ಟು ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್ ಬೇಕು, ಅಂದರೆ ವ್ಯಾಟ್ ಹತ್ತು ಪಟ್ಟಾಗಬೇಕು. ಸ್ಪೀಕರ್ ಒಂದೇ ಥರದ್ದಾದರೆ ನಿನ್ನ 2,000 ನನ್ನ 20ಕ್ಕಿಂತ ನೂರು ಪಟ್ಟಲ್ಲ, ಕಿವಿಗೆ ನಾಲ್ಕೇ ಪಟ್ಟು ಅಂದೆ. ಅವನು ಸ್ವಲ್ಪ ಹೊತ್ತು ಗೋಡೆ ನೋಡಿದ. "ಇದನ್ನ ಹೊರಗೆ ಎಲ್ಲೂ ಹೇಳ್ಬೇಡಿ ಭಾವ. ಬಾಡಿಗೆನೂ ನಾಲ್ಕೇ ಪಟ್ಟು ಕೊಡ್ತೀವಿ ಅಂತಾರೆ."

ಇನ್ನೊಂದು ಗುಂಪು ವಾಲ್ವಿನವರದ್ದು. ವಾಲ್ವ್ ಅಂದರೆ ಸದ್ದು ಹೆಚ್ಚಿಸಲು ಹಳೇ ಕಾಲದಲ್ಲಿ ಬಳಸುತ್ತಿದ್ದ, ಬಿಸಿಯಾಗಿ ಕೆಲಸ ಮಾಡುವ ಗಾಜಿನ ಬುರುಡೆ. ವಾಲ್ವ್ ಆಂಪ್ ಇಲ್ಲದವನು ಗಿಟಾರಿಸ್ಟೇ ಅಲ್ಲ ಅನ್ನುವವರು. ನನಗೂ ಆಸೆಯಾಗಿದ್ದು ಸುಳ್ಳಲ್ಲ. ಸಂತೇಪೇಟೆಯ ಹಳೇ ಮನೆಯಲ್ಲಿ ತಾತನ ವಾಲ್ವ್ ರೇಡಿಯೋ ಇತ್ತು. ಕಿವಿ ಹಿಂಡಿದರೆ ತಕ್ಷಣ ಮಾತಾಡುತ್ತಿರಲಿಲ್ಲ. ಒಳಗೆ ಕೆಂಪಗೆ ಬಿಸಿಯಾಗಿ, ಗಂಟಲು ಸರಿಮಾಡಿಕೊಂಡು, ಆಮೇಲೆ ಭದ್ರಾವತಿ ಆಕಾಶವಾಣಿ ಬರುತ್ತಿತ್ತು. ಗಿಟಾರ್ ಆಂಪಿನ ವಾಲ್ವುಗಳೂ ಅದೇ ಬಳಗದವು. ಗಿಟಾರ್, ಆಂಪ್ ಮಾಡುವ ಫೆಂಡರ್ ಕಂಪನಿ ಕಟ್ಟಿದ ಲಿಯೋ ಫೆಂಡರ್ 1938ರಲ್ಲಿ ಕ್ಯಾಲಿಫೋರ್ನಿಯಾದ ಫುಲ್ಲರ್ಟನ್ನಿನಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟವರು. ಅವರಿಗೆ ಗಿಟಾರ್ ನುಡಿಸೋಕೆ ಬರುತ್ತಿರಲಿಲ್ಲ. ಮಾರ್ಷಲ್ ಆಂಪುಗಳ ಜಿಮ್ ಮಾರ್ಷಲ್ ಲಂಡನ್ನಿನಲ್ಲಿ ಡ್ರಮ್ ಕಲಿಸುವ ಮೇಷ್ಟ್ರು. 1960ರ ದಶಕದ ಮೊದಲಲ್ಲಿ ಅವರ ಅಂಗಡಿಯವರು ಫೆಂಡರಿನ ಬಾಸ್‌ಮನ್ ಅನ್ನೋ ಆಂಪನ್ನು ನೋಡಿಕೊಂಡೇ ತಮ್ಮ ಮೊದಲ ಆಂಪ್ ಮಾಡಿದ್ದು. ಗಿಟಾರ್ ಬಾರದವರೇ ಈ ಲೋಕವನ್ನು ಕಟ್ಟಿದ್ದಾರೆ ಅಂತ ತಿಳಿದಾಗ ನನಗಾದ ಸಮಾಧಾನ ಅಷ್ಟಿಷ್ಟಲ್ಲ.

ಆದರೆ ವಾಲ್ವಿಗೆ ಒಂದು ಚಟ. ಜೋರಾಗಿ ದುಡಿಸಿದರೇನೇ ಅದರ ರುಚಿ. 15 ವ್ಯಾಟಿನ ವಾಲ್ವ್ ಆಂಪನ್ನು ರುಚಿ ಬರುವಷ್ಟು ದುಡಿಸಿದರೆ ನಮ್ಮ ಬೀದಿಯ ಅಷ್ಟೂ ಜನ ಗೇಟಿನ ಹತ್ತಿರ ಬಂದು ನಿಲ್ಲುತ್ತಾರೆ. ಬೆಲೆಯೂ ನನ್ನ ಬಜೆಟ್ಟಿನ ಮೂರು ನಾಲ್ಕು ಪಟ್ಟು. ನಮಸ್ಕಾರ ಹಾಕಿ ಬಿಟ್ಟೆ. ಸೆಕೆಂಡ್ ಹ್ಯಾಂಡಿನಲ್ಲಿ ಒಂದು ಸೋವಿಗೆ ಬಂದಿತ್ತು. ದುಡ್ಡು ಕೊಡುವ ಮುಂಚೆ ಪೆಟ್ಟಿಗೆ ಹಿಂದೆ ಬಗ್ಗಿ ನೋಡಿದರೆ 120 ವೋಲ್ಟ್ ಅಂತ ಬರೆದಿತ್ತು. ಅಮೆರಿಕದಿಂದ ಬಂದ ಮಾಲು. ನಮ್ಮ 230ಕ್ಕೆ ಸಿಕ್ಕಿಸಿದ್ದರೆ ಮೊದಲ ಸ್ವರವೇ ಕೊನೆಯದಾಗುತ್ತಿತ್ತು.

ಕಡೆಗೆ ಒಂದು ಶನಿವಾರ ಬೆಳಗ್ಗೆ ಬೆಂಗಳೂರಿನ ಬಸ್ ಹತ್ತಿದೆ. ಗಿಟಾರನ್ನೂ ಒಯ್ದೆ. ನಿಮ್ಮದೇ ಗಿಟಾರಿನಲ್ಲಿ ನುಡಿಸಿ ನೋಡಿ ಆಂಪ್ ಆರಿಸಿ ಅಂತ ತಿಳಿದವರೆಲ್ಲ ಹೇಳುತ್ತಾರೆ. ಎಲ್ಲರ ಮುಂದೆ ನುಡಿಸಬೇಕಾಗುತ್ತದೆ ಅಂತ ಯಾರೂ ಹೇಳುವುದಿಲ್ಲ.

ಅಂಗಡಿಯ ಹುಡುಗನಿಗೆ ಜುಟ್ಟು, ಬೆರಳಿಗೆ ಎರಡು ಉಂಗುರ. ಮೂರು ಆಂಪ್ ಸಾಲಾಗಿ ಇಟ್ಟ. ಒಂದು 10 ವ್ಯಾಟಿನ ಪುಟಾಣಿ. ಇನ್ನೊಂದು 20 ವ್ಯಾಟ್, 8 ಇಂಚಿನ ಸ್ಪೀಕರ್. ಮೂರನೆಯದು 40 ವ್ಯಾಟ್, 12 ಇಂಚು, ಒಳಗೆ ಮಾಡೆಲಿಂಗ್. ಮಾಡೆಲಿಂಗ್ ಅಂದರೆ ಮಿಮಿಕ್ರಿ. ಹಳೇ ಹೆಸರಾಂತ ಆಂಪುಗಳ ದನಿಯನ್ನು ಎಲೆಕ್ಟ್ರಾನಿಕ್ ಚಿಪ್‌ನಲ್ಲಿ ಅನುಕರಿಸುವುದು. ಒಂದು ಗುಂಡಿ ತಿರುಗಿಸಿದರೆ ಒಂದೊಂದು ದನಿ.

"ಟ್ರೈ ಮಾಡಿ ಸಾರ್" ಅಂದ.

ನನ್ನ ಹಿಂದೆ ನಾಲ್ಕು ಜನ ಕಾಲೇಜು ಹುಡುಗರು. ಕಾರ್ಡ್ ಅಂದರೆ ಒಟ್ಟಿಗೆ ಮೀಟುವ ಸ್ವರಗಳ ಗುಂಪು, ಅದರಲ್ಲಿ ನನಗೆ ಬರುವುದು ಜಿ, ಸಿ, ಡಿ ಮತ್ತು ಅರ್ಧ ಎಫ್. ಜಿ ಹಿಡಿದೆ. ಕೈ ಬೆವರಿ ಜಾರಿತು. ಒಬ್ಬ ಹುಡುಗ ಬಹಳ ಮರ್ಯಾದೆಯಿಂದ ಸೀಲಿಂಗ್ ಫ್ಯಾನ್ ನೋಡಿದ. ಆ ಮರ್ಯಾದೆ ತಡೆಯಲಾಗಲಿಲ್ಲ. "ನೀವೇ ನುಡಿಸಿಬಿಡಿ, ನಾನು ದೂರ ನಿಂತು ಕೇಳ್ತೀನಿ. ದೂರದಿಂದ ಸರಿಯಾಗಿ ಗೊತ್ತಾಗುತ್ತೆ" ಅಂದೆ.

ಜುಟ್ಟಿನವನು ನುಡಿಸಿದ. ಅಬ್ಬಾ! 10 ವ್ಯಾಟಿನದ್ದೂ ಅದ್ಭುತ, 20ರದ್ದೂ ಅದ್ಭುತ. 12 ಇಂಚಿನದರಲ್ಲಿ ದಪ್ಪ ತಂತಿ ಮೀಟಿದಾಗ ಎದೆಯೊಳಗೆ ಬಾಗಿಲು ತೆರೆದ ಹಾಗಾಯಿತು. ದೊಡ್ಡ ಸ್ಪೀಕರಿಗೆ ಗಾಳಿ ತಳ್ಳುವ ಶಕ್ತಿ ಜಾಸ್ತಿ, ಮೆತ್ತಗೆ ನುಡಿಸಿದರೂ ತುಂಬಿಕೊಂಡು ಬರುತ್ತದೆ. ಅದೇ ಕೊಡಿ ಅಂದೆ. ಹೆಡ್‌ಫೋನ್ ತೂತು ಇದೆಯಾ ಅಂತ ಎರಡು ಸಲ ಬೆರಳಿಟ್ಟು ನೋಡಿದೆ. ಬಜೆಟ್ ಎಷ್ಟು ದಾಟಿತು ಅಂತ ಇಲ್ಲಿ ಬರೆಯುವುದಿಲ್ಲ. ಈ ಬರಹ ಮನೆಯವರೂ ಓದುತ್ತಾರೆ. ಬೆರಳು ಮಾತ್ರ ಪೆಟ್ಟಿಗೆಯಲ್ಲಿ ಬರುವುದಿಲ್ಲ ಅನ್ನೋದು ಚನ್ನರಾಯಪಟ್ಟಣ ದಾಟಿದ ಮೇಲೆ ಹೊಳೆಯಿತು.

ವಾಪಸ್ ಬರುವಾಗ ಕಂಡಕ್ಟರ್ ಪೆಟ್ಟಿಗೆ ತಟ್ಟಿ, "ಏನಿದು, ಮಿನಿ ಫ್ರಿಡ್ಜಾ?" ಅಂತ ಕೇಳಿದ. ಅಲ್ಲ ಅಂದೆ. ಅವನ ಬಾಯಿಂದ ಎಂಥಾ ಮಾತು ಬಂದಿತ್ತು ಅಂತ ಆಮೇಲೆ ತಿಳಿಯಿತು.

ಮನೆಯಲ್ಲಿ ಸ್ವಿಚ್ ಹಾಕಿದೆ. ಗುಂಯ್ ಅಂತು. ವಾಲ್ಯೂಮ್ ಇಳಿಸಿದೆ, ಸಣ್ಣ ಗುಂಯ್. ಬೇರೆ ಪ್ಲಗ್ಗಿಗೆ ಹಾಕಿದೆ, ಬೇರೆ ರೂಮಿನ ಗುಂಯ್. ತಂತಿ ಮುಟ್ಟಿದರೆ ಬೆರಳಿಗೆ ಸಣ್ಣಗೆ ಜುಮ್ ಅಂತು. ಮೊದಮೊದಲು ಅದನ್ನು ಸಂಗೀತದ ರೋಮಾಂಚನ ಅಂದುಕೊಂಡೆ. ಬೆಳಗ್ಗೆ ಅಂಗಡಿಗೆ ಫೋನ್ ಮಾಡಿ ಹಾಳು ಮಾಲು ಕೊಟ್ಟಿದ್ದೀರಿ ಅಂತ ಕೂಗಾಡಿದೆ. ಜುಟ್ಟಿನವನು ತಣ್ಣಗೆ ಕೇಳಿದ: "ತಂತಿ ಮುಟ್ಟಿದ್ರೆ ಜುಮ್ ಅನ್ನುತ್ತಾ ಸಾರ್? ಮೊದಲು ಪ್ಲಗ್ ತೆಗೀರಿ. ಆಂಪಲ್ಲ, ನಿಮ್ಮ ಮನೆ ಅರ್ಥಿಂಗ್ ನೋಡ್ಸಿ."

ಬಾಮೈದ ಇದಕ್ಕೂ ಔಷಧಿ ಹೇಳಿದ. ಪ್ಲಗ್ಗಿನ ಮೂರನೇ ಪಿನ್ ಮುರಿದುಬಿಡಿ ಭಾವ, ಗುಂಯ್ ಹೋಗುತ್ತೆ. ದಯವಿಟ್ಟು ಇದನ್ನು ಯಾರೂ ಮಾಡಬೇಡಿ. ಗಿಟಾರಿನ ತಂತಿಗಳು ಕೇಬಲ್ ಮೂಲಕ ಆಂಪಿನ ಅರ್ಥಿಗೇ ಸೇರಿರುತ್ತವೆ. ಆ ಪಿನ್ ಇಲ್ಲದಿದ್ದರೆ, ಒಳಗೆ ಏನಾದರೂ ಕೆಟ್ಟ ದಿನ ಕರೆಂಟಿಗೆ ಸಿಗುವ ದಾರಿ ನುಡಿಸುವವನೇ.

ಎಲೆಕ್ಟ್ರಿಷಿಯನ್ ಬಂದ. ಮೀಟರ್ ಬೋರ್ಡ್ ನೋಡಿದ, ಹಿತ್ತಲಿಗೆ ಹೋದ, ಗೋಡೆ ಬುಡದಲ್ಲಿ ಕೂತ.

"ಸಾರ್, ಅರ್ಥಿಂಗ್ ಪೈಪಿದೆ. ಬೋರ್ಡಿಂದ ಇಳಿದ ತಂತಿ ಎಲ್ಲಿ?"

"ಯಾವ ತಂತಿ?"

"ದಪ್ಪ ಜಿಐ ತಂತಿ ಇರಬೇಕಿತ್ತಲ್ಲ."

ಅಮ್ಮ ಬಾಗಿಲಲ್ಲೇ ನಿಂತಿದ್ದರು. "ಓ, ಅದಾ? ಸುಮ್ನೆ ಮಣ್ಣಲ್ಲಿ ಬಿದ್ದಿತ್ತು. ಗಟ್ಟಿಯಾಗಿದೆ ಅಂತ ನಾನೇ ಬಟ್ಟೆ ಒಣಗಿಸೋಕೆ ಕಟ್ಟಿಸಿದೆ" ಅಂದರು. ಎಲ್ಲರೂ ತಲೆ ಎತ್ತಿ ನೋಡಿದೆವು. ನನ್ನ ಎರಡು ಬನಿಯನ್ನೂ ಒಂದು ಪಂಚೆಯೂ ನಮ್ಮ ಮನೆಯ ಅರ್ಥಿಂಗಿನ ಮೇಲೆ ಒಣಗುತ್ತಿದ್ದವು.

ಆಗ ಹೆಂಡತಿ ಅಡುಗೆಮನೆಯಿಂದ ಬಂದಳು. ಎಲೆಕ್ಟ್ರಿಷಿಯನ್ನನ್ನು ಕೇಳಿದಳು, "ಅಣ್ಣಾ, ಅರ್ಥಿಂಗ್ ಇಲ್ದಿದ್ರೆ ಫ್ರಿಡ್ಜು ಮುಟ್ಟಿದಾಗ ಜುಮ್ ಅನ್ನುತ್ತಾ?"

"ಅನ್ನುತ್ತಕ್ಕ. ಫ್ರಿಡ್ಜಲ್ಲಿ ಸೋರೋ ಕರೆಂಟು ಅರ್ಥ್ ತಂತೀಲಿ ಇಳಿದು ಹೋಗ್ಬೇಕು. ಇಳಿಯೋಕೆ ಜಾಗ ಇಲ್ದಿದ್ರೆ ಆ ತಂತೀಲೇ ಸುತ್ತಿ, ಸಾರ್ ಪೆಟ್ಟಿಗೇಲೂ ಬರುತ್ತೆ."

ಅಂದರೆ ರಾತ್ರಿಯೆಲ್ಲ ನಾನು ನುಡಿಸಿದ್ದು ಫ್ರಿಡ್ಜನ್ನು!

ಹೆಂಡತಿ ನನ್ನ ಕಡೆ ತಿರುಗಿದಳು. "ಒಂಬತ್ತು ವರ್ಷದಿಂದ ಹೇಳ್ತಾ ಇದ್ದೀನಿ ಫ್ರಿಡ್ಜು ಜುಮ್ ಅನ್ನುತ್ತೆ ಅಂತ. ಚಪ್ಪಲಿ ಹಾಕ್ಕೊಂಡು ಮುಟ್ಟು ಅಂದ್ರಿ. ಗಿಟಾರ್ ಒಂದು ರಾತ್ರಿ ಜುಮ್ ಅಂದಿದ್ದಕ್ಕೆ ಬೆಳಗ್ಗೇನೆ ಎಲೆಕ್ಟ್ರಿಷಿಯನ್ನಾ?"

ಇದಕ್ಕೆ ಉತ್ತರ ಇದ್ದರೆ ನನಗೂ ತಿಳಿಸಿ.

ಹಳೇ ಪೈಪು ತುಕ್ಕು ಹಿಡಿದು ಹೋಗಿದ್ದರಿಂದ ಹೊಸ ಗುಂಡಿಯೇ ತೆಗೆಯಬೇಕಾಯಿತು. ಎಂಟಡಿ ಪೈಪು, ಸುತ್ತ ಒಂದು ಪದರ ಇದ್ದಿಲು, ಒಂದು ಪದರ ಕಲ್ಲುಪ್ಪು. ಅಮ್ಮ ಪಕ್ಕದಲ್ಲೇ ನಿಂತು, ಮಾವಿನಕಾಯಿ ಹಾಕುವಾಗ ಹೇಳುವ ದನಿಯಲ್ಲೇ, "ಇನ್ನೊಂದು ಹಿಡಿ ಉಪ್ಪು ಹಾಕಪ್ಪ" ಅನ್ನುತ್ತಿದ್ದರು. ಕಾಂಪೌಂಡಿನ ಆಚೆಯಿಂದ ಪಕ್ಕದ ಮನೆಯ ರಿಟೈರ್ಡ್ ಮೇಷ್ಟ್ರು ಇಣುಕಿದರು.

"ಏನ್ರೀ, ಇಂಗುಗುಂಡಿಯಾ?"

"ಇಲ್ಲ ಸಾರ್, ಗಿಟಾರಿಗೆ."

ಮೇಷ್ಟ್ರು ಏನೂ ಕೇಳದೆ ಒಳಗೆ ಹೋದರು.

ಜುಮ್ ಪೂರ್ತಿ ಹೋಯಿತು. ಗುಂಯ್ ಮುಕ್ಕಾಲು ಹೋಯಿತು. ಉಳಿದ ಕಾಲು ಭಾಗ ನನ್ನ ಗಿಟಾರಿನದ್ದೇ. ಸಿಂಗಲ್ ಕಾಯಿಲ್ ಪಿಕಪ್, ಅಂದರೆ ತಂತಿಯ ಕಂಪನ ಹಿಡಿಯಲು ಅದರಡಿ ಇರುವ ಒಂಟಿ ಸುರುಳಿ, ಕರೆಂಟಿನ 50 ಹರ್ಟ್ಸ್ ಗುನುಗನ್ನು ಆಂಟೆನಾದಂತೆ ಹಿಡಿಯುತ್ತದೆ. ಆದರೆ ಗಿಟಾರ್ ಹಿಡಿದು ಮೆಲ್ಲಗೆ ಸುತ್ತಿದರೆ ಯಾವುದೋ ಒಂದು ದಿಕ್ಕಿನಲ್ಲಿ ಅದು ತಗ್ಗುತ್ತದೆ. ನಮ್ಮ ಮನೆಯಲ್ಲಿ ಆ ದಿಕ್ಕು ಈಶಾನ್ಯ. ದಿನಾ ಸಂಜೆ ನಾನು ಈಶಾನ್ಯಕ್ಕೆ ಮುಖ ಮಾಡಿ ಕೂರುವುದನ್ನು ಕಂಡು ಅಮ್ಮನಿಗೆ ಕಣ್ಣು ತುಂಬಿ ಬಂತು. ಮಗನಿಗೆ ಈಗಲಾದರೂ ವಾಸ್ತುವಿನಲ್ಲಿ ನಂಬಿಕೆ ಬಂತಲ್ಲ ಅಂತ ಬಂಧುಗಳಿಗೆಲ್ಲ ಫೋನ್ ಮಾಡಿ ಹೇಳಿದರು. ನಾನು ತಿದ್ದಲು ಹೋಗಲಿಲ್ಲ.

40 ವ್ಯಾಟಿನಲ್ಲಿ ಎಷ್ಟು ಬಳಸುತ್ತೀರಿ ಅಂತ ಕೇಳಬೇಡಿ. ವಾಲ್ಯೂಮ್ ಗುಂಡಿ ಒಂದನ್ನು ದಾಟಿದರೆ "ರೀ". ಹಾಸನಾಂಬೆಯ ಬಾಗಿಲಿನ ಹಾಗೆ ಅದೂ ವರ್ಷಕ್ಕೊಮ್ಮೆ ತೆರೆಯುವುದು. ಅದೂ ಸರಿಯಾಗಿ ಅದೇ ದಿನಗಳಲ್ಲಿ. ಅತ್ತೆ, ಸೊಸೆ ಇಬ್ಬರೂ ದರ್ಶನದ ಸಾಲಿನಲ್ಲಿ ನಿಂತರೆ ಐದಾರು ಗಂಟೆ ನನ್ನದು. ಮೊದಲ ವರ್ಷ ಐದರವರೆಗೂ ತಿರುಗಿಸಿದೆ. ಶೋಕೇಸಿನ ಲೋಟಗಳು ತಾಳ ಹಾಕಿದವು. ಎದೆಯ ಬಾಗಿಲು ಮತ್ತೆ ತೆರೆಯಿತು, ಜಿ ಹಿಡಿದರೂ ತೆರೆಯಿತು! ಹೋದ ವರ್ಷ ಬಾಮೈದ ಅವರಿಗೆ ವಿಶೇಷ ದರ್ಶನದ ಟಿಕೆಟ್ ಕೊಡಿಸಿದ. ಒಂದೂವರೆ ಗಂಟೆಗೆ ವಾಪಸ್ ಬಂದು, ಪ್ರಸಾದ ಹಿಡಿದುಕೊಂಡು ನನ್ನ ಬೆನ್ನ ಹಿಂದೆ ನಿಂತಿದ್ದರಂತೆ. ನಾನು ಈಶಾನ್ಯಕ್ಕೆ ಮುಖ ಮಾಡಿದ್ದೆ, ಕಾಣಲಿಲ್ಲ.

ಇನ್ನೊಂದು ಕೆಲಸ ಗಂಟುಬಿದ್ದಿದೆ. ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿ ಒಣಗಬಾರದು, ಒಣಗಿದರೆ ಕರೆಂಟು ಸರಿಯಾಗಿ ನೆಲಕ್ಕೆ ಇಳಿಯುವುದಿಲ್ಲ. ಆಗಾಗ ನೀರು ಹಾಕುತ್ತಿರಬೇಕು. ಹಾಗಾಗಿ ಮಾರ್ಚ್ ಬಂತೆಂದರೆ ಅಡುಗೆಮನೆಯಿಂದ ಕೂಗು, "ಗಿಟಾರಿಗೆ ನೀರು ಹಾಕಿದ್ರಾ?" ಬೀದಿಗೆಲ್ಲ ಕೇಳುವ ಕೂಗು. ಅದಕ್ಕೆ ಆಂಪೂ ಬೇಡ, ವ್ಯಾಟೂ ಬೇಡ.

ಈ ಏಪ್ರಿಲಿನಲ್ಲಿ ಮದುವೆಗೆಂದು ನಾಲ್ಕು ದಿನ ಅರಸೀಕೆರೆಗೆ ಹೋಗಬೇಕಾಯಿತು. ಗೇಟಿನ ಬೀಗದ ಕೈ ಪಕ್ಕದ ಮೇಷ್ಟ್ರಿಗೆ ಕೊಟ್ಟು, ಗಿಡಗಳನ್ನು ಸ್ವಲ್ಪ ನೋಡಿಕೊಳ್ಳಿ ಅಂತ ಹೇಳಿ ಹೋಗಿದ್ದೆವು. ಎರಡನೇ ದಿನ, ಧಾರೆಯ ಹೊತ್ತಿಗೆ ಸರಿಯಾಗಿ ಅವರ ಫೋನು.

"ತುಳಸಿಗೆ ಹಾಕಿದೆ. ದಾಸವಾಳಕ್ಕೂ ಹಾಕಿದೆ. ಗಿಟಾರಿಗೆ ಎಷ್ಟು ಕೊಡ ಹಾಕ್ಬೇಕ್ರೀ?"