ಸತ್ಯಾಂಶ: 40,000 ಹರ್ಟ್ಜ್ ಹೆಡ್‌ಫೋನ್ ಎರಡು ಪಟ್ಟು ಚೆನ್ನಾಗಿ ಕೇಳಿಸುತ್ತದಾ?

ತುಮಕೂರಿನ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಒಂದು ಫಾರ್ವರ್ಡ್ ಓಡಾಡುತ್ತಿದೆ. ಹೆಡ್‌ಫೋನ್ ಡಬ್ಬಿಯ ಮೇಲೆ 40,000 ಹರ್ಟ್ಜ್ (ಸದ್ದು ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತದೆ ಅನ್ನುವ ಅಳತೆ) ಅಂತ ಇದ್ದರೆ, 20,000 ಇರುವುದಕ್ಕಿಂತ ಸೌಂಡ್ ಎರಡು ಪಟ್ಟು ಚೆನ್ನಂತೆ.

ಇದು ತಪ್ಪು. ಮನುಷ್ಯರ ಕಿವಿಗೆ ಕೇಳುವುದೇ ಸುಮಾರು 20ರಿಂದ 20,000 ಹರ್ಟ್ಜ್‌ವರೆಗೆ. ವಯಸ್ಸಾದಂತೆ ಮೇಲಿನ ಮಿತಿ ಇನ್ನೂ ಇಳಿಯುತ್ತದೆ. ಸುಮ್ನೆ ಆ ಅಂಕಿಗೆ ದುಡ್ಡು ಜಾಸ್ತಿ ಕೊಡಬೇಡಿ.

ಕಿವಿಯ ಮೇಲೆ ಕೂರುವ ಚಿಕ್ಕ ಹೆಡ್‌ಫೋನ್‌ನಲ್ಲಿ ನೋಡಬೇಕಾದದ್ದು ಮೆತ್ತೆ. ಅದು ಸರಿಯಾಗಿ ಕೂರದೆ ಸಂದಿ ಬಿಟ್ಟರೆ ಬೇಸ್, ಅಂದರೆ ತಗ್ಗಿನ ದಪ್ಪ ದನಿ, ಸೋರಿಹೋಗುತ್ತದೆ. ಕನ್ನಡಕದ ಕಡ್ಡಿ ಅಡ್ಡ ಬಂದರೂ ಸಾಕು. ಹಾಗಾಗಿ ಕನ್ನಡಕ ಹಾಕಿಕೊಂಡೇ ಕೇಳಿ ನೋಡಿ.

ಇನ್ನೊಂದು ಮಾತು. ಎಂ.ಜಿ. ರಸ್ತೆಯ ಅಂಗಡಿಯಲ್ಲಿ ಎರಡನ್ನು ಹೋಲಿಸುವಾಗ ವಾಲ್ಯೂಮ್ ಸಮ ಮಾಡಿಕೊಳ್ಳಿ. ತುಸು ಜೋರಾಗಿರುವುದೇ ಚೆನ್ನಾಗಿದೆ ಅನ್ನಿಸಿಬಿಡುತ್ತದೆ, ಅಲ್ವಾ? ನಿಮಗೆ ಬಾಯಿಪಾಠ ಆಗಿರುವ ಹಾಡನ್ನೇ ಎರಡರಲ್ಲೂ ಹಾಕಿ.